ಆರರಲ್ಲಿ ಮೂರು, ಆದರೆ ಯಾವ ಮೂರು?

ಕೇಳುಗರಿಗೆ ನಮಸ್ಕಾರ. ಚಿತ್ರ ತೋರಿಸಲಾಗದ ಕಡೆ ಕುಳಿತು ರೇಖಾಗಣಿತ ಹೇಳಹೊರಟಿದ್ದೇನೆ. ಮನೆಯಲ್ಲಿ ಪ್ರೌಢಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಜಾಮಿಟ್ರಿ ಬಾಕ್ಸ್ ಕೈಗೆಟುಕುವಂತೆ ಇಟ್ಟುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಕೈವಾರವೂ ಕೋನಮಾಪಕವೂ ಬೇಕಾಗುತ್ತವೆ.

ತ್ರಿಭುಜಕ್ಕೆ ಮೂರು ಬಾಹು, ಮೂರು ಕೋನ. ಎರಡು ತ್ರಿಭುಜಗಳಲ್ಲಿ ಈ ಆರೂ ಅಳತೆಗಳು ಒಂದಕ್ಕೊಂದು ಸಮವಾಗಿದ್ದರೆ ಅವು ಸರ್ವಸಮ. ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಆರನ್ನೂ ಅಳೆದು ನೋಡಿದ ಮೇಲೆ ಸಾಧಿಸಲು ಉಳಿಯುವುದಾದರೂ ಏನು? ಸ್ವಾರಸ್ಯ ಇರುವುದು ಬೇರೆ ಕಡೆ. ಮೂರನ್ನು ಮಾತ್ರ ತಿಳಿದುಕೊಂಡು, ಉಳಿದ ಮೂರರ ತಂಟೆಗೇ ಹೋಗದೆ, ಅವೂ ಸಮವೆಂದು ಖಂಡಿತವಾಗಿ ಹೇಳಬಹುದು. ಆದರೆ ಸಿಕ್ಕಿದ ಮೂರರಿಂದ ಕೆಲಸ ನಡೆಯುವುದಿಲ್ಲ. ಬಾಕೋಬಾ, ಕೋಬಾಕೋ, ಬಾಬಾಬಾ ಎಂದು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರಲ್ಲ, ಕೆಲಸಕ್ಕೆ ಬರುವ ಮೂರರ ಪಟ್ಟಿ ಅದೇ. ಬಾ ಎಂದರೆ ಬಾಹು, ಕೋ ಎಂದರೆ ಕೋನ; ಬಾಕೋಬಾ ಎಂದರೆ ಎರಡು ಬಾಹು, ಅವುಗಳ ನಡುವಿನ ಕೋನ. ಬಾಯಿಪಾಠ ಮಾಡಿದ್ದರಲ್ಲಿ ತಪ್ಪಿಲ್ಲ. "ಬಾಬಾಕೋ ಯಾಕಿಲ್ಲ?" ಎಂದು ಒಮ್ಮೆ ಕೇಳಿ ನೋಡಿ. ಪುಸ್ತಕದಲ್ಲಿ ಕೊಟ್ಟಿಲ್ಲ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ನನ್ನನ್ನು ಕೇಳಿದರೆ ಪಾಠ ಶುರುವಾಗಬೇಕಾದದ್ದು ಆ ಪ್ರಶ್ನೆಯಿಂದಲೇ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಕಾಗದದ ಕೆಳಭಾಗದಲ್ಲಿ ಅಡ್ಡಲಾಗಿ ಉದ್ದನೆಯ ಗೆರೆಯೊಂದನ್ನು ಎಳೆಯಿರಿ, 15 ಸೆಂಟಿಮೀಟರ್ ಇರಲಿ. ಅದರ ಎಡತುದಿಗೆ ಎ ಎಂದು ಹೆಸರಿಡಿ. ಅಲ್ಲಿ 30 ಡಿಗ್ರಿ ಕೋನ ಮಾಡಿ, ಮೇಲ್ಮುಖವಾಗಿ 10 ಸೆಂಟಿಮೀಟರ್ ಗೆರೆ ಎಳೆದು ತುದಿಯನ್ನು ಬಿ ಎನ್ನಿ. ಕೈವಾರವನ್ನು 6 ಸೆಂಟಿಮೀಟರ್‌ಗೆ ಅಗಲಿಸಿ, ಮುಳ್ಳನ್ನು ಬಿ ಮೇಲೆ ಊರಿ, ಕೆಳಗಿನ ಗೆರೆಗೆ ತಾಗುವಂತೆ ಕಂಸ ಎಳೆಯಿರಿ. ಕಂಸವು ಗೆರೆಯನ್ನು ಎರಡು ಕಡೆ ಕತ್ತರಿಸುತ್ತದೆ: ಎ ಬಿಂದುವಿನಿಂದ ಸುಮಾರು 5.3 ಸೆಂಟಿಮೀಟರ್ ದೂರದಲ್ಲಿ ಒಮ್ಮೆ, ಸುಮಾರು 12 ಸೆಂಟಿಮೀಟರ್ ದೂರದಲ್ಲಿ ಇನ್ನೊಮ್ಮೆ. ಎರಡನ್ನೂ ಬಿ ಬಿಂದುವಿಗೆ ಸೇರಿಸಿ. 10 ಸೆಂಟಿಮೀಟರ್ ಬಾಹು, 6 ಸೆಂಟಿಮೀಟರ್ ಬಾಹು, 30 ಡಿಗ್ರಿ ಕೋನ, ಮೂರೂ ಎರಡರಲ್ಲಿಯೂ ಇವೆ. ಆದರೂ ಒಂದು ತ್ರಿಭುಜ ಕುಳ್ಳಗೆ ಮುದುರಿಕೊಂಡಿದೆ, ಇನ್ನೊಂದು ಅದನ್ನು ತನ್ನೊಳಗೇ ಇಟ್ಟುಕೊಂಡು ಆಚೆಗೆ ಚಾಚಿದೆ. ಕೋನವು ಆ ಎರಡು ಬಾಹುಗಳ ನಡುವೆ ಇಲ್ಲದೆ ಹೋದದ್ದೇ ಇದಕ್ಕೆಲ್ಲ ಕಾರಣ.

ಹಾಗಾದರೆ ಲಂಬಕೋನ-ವಿಕರ್ಣ-ಬಾಹು ಎಂಬ ನಿಯಮವನ್ನು (ವಿಕರ್ಣ ಎಂದರೆ ಲಂಬಕೋನಕ್ಕೆ ಎದುರಾದ ಬಾಹು) ಹೇಗೆ ಒಪ್ಪುತ್ತೇವೆ? ಅಲ್ಲಿಯೂ ಕೋನ ನಡುವೆ ಇಲ್ಲವಲ್ಲ! ಅದೇ ಚಿತ್ರದಲ್ಲಿ 30ರ ಬದಲು 90 ಡಿಗ್ರಿ ಇಟ್ಟು, ಕೆಳಗಿನ ಗೆರೆಯನ್ನು ಎಡಕ್ಕೂ ಬೆಳೆಸಿ, ಕೈವಾರವನ್ನು 10 ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಅಗಲಿಸಿ ನೋಡಿ. ಕಂಸ ಆಗಲೂ ಎರಡು ಕಡೆ ಕತ್ತರಿಸುತ್ತದೆ, ಆದರೆ ಎ ಬಿಂದುವಿನ ಎಡಕ್ಕೊಂದು, ಬಲಕ್ಕೊಂದು, ಸಮದೂರದಲ್ಲಿ. ಎರಡು ತ್ರಿಭುಜಗಳು ಒಂದಕ್ಕೊಂದು ಕನ್ನಡಿಯ ಬಿಂಬಗಳು, ಅಂದರೆ ಸರ್ವಸಮ. ಅಡ್ಡಿಯಾಗಿದ್ದ ಎರಡನೆಯ ಸಾಧ್ಯತೆ ಲಂಬಕೋನದಲ್ಲಿ ನಿರುಪದ್ರವಿಯಾಗುತ್ತದೆ. ಕೋಕೋಕೋ ಕತೆ ಇಷ್ಟು ಉದ್ದವಿಲ್ಲ: ಮಗುವಿನ ಪೆಟ್ಟಿಗೆಯಲ್ಲಿರುವ ಮೂಲೆಮಟ್ಟಕ್ಕೂ ಮೇಷ್ಟರ ಕೈಯಲ್ಲಿರುವ ದೊಡ್ಡ ಮೂಲೆಮಟ್ಟಕ್ಕೂ ಕೋನಗಳು ಅವೇ, ಅಳತೆ ಮಾತ್ರ ಬೇರೆ.

ಇದೆಲ್ಲ ಎಷ್ಟು ಹಳೆಯದೆಂದರೆ, ಕ್ರಿಸ್ತಪೂರ್ವ 300ರ ಆಸುಪಾಸಿನಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ಮೊದಲನೆಯ ಪುಸ್ತಕದಲ್ಲಿಯೇ ಇವನ್ನು ಜೋಡಿಸಿಟ್ಟ. ಬಾಕೋಬಾ ನಾಲ್ಕನೆಯ ಪ್ರಮೇಯ, ಬಾಬಾಬಾ ಎಂಟನೆಯದು, ಕೋಬಾಕೋ ಇಪ್ಪತ್ತಾರನೆಯದು. ಈ ಇಪ್ಪತ್ತಾರನೆಯದು ಅವನಿಗಿಂತಲೂ ಹಿಂದಿನ ಥೇಲ್ಸನಿಗೆ ಗೊತ್ತಿದ್ದಿರಲೇಬೇಕು ಎಂದು ಹಳೆಯ ವ್ಯಾಖ್ಯಾನಕಾರ ಪ್ರೋಕ್ಲಸ್ ಬರೆಯುತ್ತಾನೆ. ಸಮುದ್ರದಲ್ಲಿರುವ ಹಡಗು ದಡದಿಂದ ಎಷ್ಟು ದೂರವಿದೆ ಎಂದು ಥೇಲ್ಸ್ ತೋರಿಸಿಕೊಡುತ್ತಿದ್ದನಂತೆ. ಅವನ ಕ್ರಮ ಹೀಗಿದ್ದಿರಬಹುದು ಎಂದು ವಿದ್ವಾಂಸರು ಊಹಿಸಿರುವುದರಲ್ಲಿ ಒಂದನ್ನು ಯಾವ ಹೊಳೆಯ ದಡದಲ್ಲಿಯೂ ಮಾಡಿ ನೋಡಬಹುದು. ಆಚೆ ದಡದ ಮರವೊಂದಕ್ಕೆ ನೇರ ಎದುರಾಗಿ ನಿಲ್ಲಿ. ಅಲ್ಲಿಂದ ದಡದ ಗುಂಟ 20 ಮೀಟರ್ ನಡೆದು ಒಂದು ಕೋಲು ನೆಡಿ. ಅದೇ ದಿಕ್ಕಿನಲ್ಲಿ ಇನ್ನೂ 20 ಮೀಟರ್ ನಡೆಯಿರಿ. ಈಗ ಹೊಳೆಗೆ ಬೆನ್ನು ಮಾಡಿ ನೆಟ್ಟಗೆ ಹೊಲದೊಳಕ್ಕೆ ಹೋಗುತ್ತ, ಆಗಾಗ ತಿರುಗಿ ನೋಡುತ್ತಿರಿ. ಕೋಲೂ ಮರವೂ ಒಂದೇ ಗೆರೆಯಲ್ಲಿ ಕಂಡ ಕೂಡಲೇ ನಿಂತುಬಿಡಿ. ದಡದಿಂದ ನೀವು ಹೊಲದೊಳಕ್ಕೆ ನಡೆದದ್ದು ಎಷ್ಟೋ, ಹೊಳೆಯ ಅಗಲವೂ ಅಷ್ಟೇ. ಎರಡು ಕಡೆಯೂ ಲಂಬಕೋನ, 20 ಮೀಟರಿಗೆ 20 ಮೀಟರ್, ಕೋಲಿನ ಬಳಿ ಶೃಂಗಾಭಿಮುಖ ಕೋನಗಳು, ಅಂದರೆ ಎರಡು ಗೆರೆ ಒಂದನ್ನೊಂದು ದಾಟುವಲ್ಲಿ ಎದುರುಬದುರಾಗಿ ಬರುವ ಸಮ ಕೋನಗಳು: ಕೋಬಾಕೋ. ಕಾಲು ಒದ್ದೆಯಾಗಲಿಲ್ಲ.

ಇದೇ ನಿಯಮವನ್ನು ನಂಬಿ ದೇಶವನ್ನೇ ಅಳೆದವರಿದ್ದಾರೆ. ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಬಳಿ, 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಗಳನ್ನು ಅಳೆದ. ಮದರಾಸಿನದು ಸುಮಾರು 12 ಕಿಲೋಮೀಟರ್. ನೆಲದ ಮೇಲೆ ಸರಪಳಿ ಎಳೆದು ಇಂಚಿಂಚೂ ಅಳೆಯುವ ಆ ಕಷ್ಟ ಒಂದು ಬಾಹುವಿಗೆ ಸಾಕು. ಎರಡು ತುದಿಗಳಿಂದ ದೂರದ ಗುಡ್ಡವನ್ನೋ ಗೋಪುರವನ್ನೋ ನೋಡಿ ಕೋನಗಳನ್ನು ಗುರುತಿಸಿದರೆ ತ್ರಿಭುಜ ನಿಗದಿಯಾಯಿತು. ಅದರ ಬಾಹುವೇ ಮುಂದಿನ ತ್ರಿಭುಜಕ್ಕೆ ಆಧಾರ.

ಇನ್ನು ಉತ್ತರಪತ್ರಿಕೆಯ ವಿಷಯ. ದತ್ತ (ಕೊಟ್ಟಿರುವುದು), ಸಾಧನೀಯ (ಸಾಧಿಸಬೇಕಾದದ್ದು), ರಚನೆ (ನಾವು ಎಳೆದುಕೊಳ್ಳುವ ಗೆರೆ), ಸಾಧನೆ ಎಂದು ಮಕ್ಕಳು ಅಚ್ಚುಕಟ್ಟಾಗಿ ಬರೆಯುತ್ತಾರೆ. ತೊಡಕು ಬರುವುದು ರಚನೆಯಲ್ಲಿ. ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ ಎಂದು ಸಾಧಿಸಬೇಕಾದಾಗ, ಮೇಲಿನ ಶೃಂಗದಿಂದ ಪಾದಕ್ಕೆ ಗೆರೆ ಎಳೆದು, "ಇದು ಕೋನವನ್ನು ಅರ್ಧಿಸುತ್ತದೆ, ಪಾದವನ್ನೂ ಅರ್ಧಿಸುತ್ತದೆ, ಲಂಬವಾಗಿಯೂ ಇದೆ" ಎಂದು ಬರೆದವರು ಎಷ್ಟೋ ಮಂದಿ. ಮೂರೂ ನಿಜವೇ. ಆದರೆ ಗೆರೆ ಎಳೆಯುವವರು ಒಂದನ್ನು ಮಾತ್ರ ಕೇಳಿಕೊಳ್ಳಬಹುದು. ಉಳಿದೆರಡು ಸರ್ವಸಮತೆಯಿಂದ ತಾವಾಗಿಯೇ ಬರಬೇಕು. ಕೋನಾರ್ಧಕ ಎಂದರೆ ಬಾಕೋಬಾ, ಪಾದದ ಮಧ್ಯಬಿಂದು ಎಂದರೆ ಬಾಬಾಬಾ, ಲಂಬ ಎಂದರೆ ಲಂಬಕೋನ-ವಿಕರ್ಣ-ಬಾಹು. ಯಾವ ದಾರಿಯಾದರೂ ಸರಿ, ಒಂದೇ ದಾರಿ ಇರಲಿ.

ಅಲೆಗ್ಸಾಂಡ್ರಿಯದ ಗಣಿತಜ್ಞ ಪ್ಯಾಪಸ್ ಆ ಗೆರೆಯೂ ಬೇಡ ಎಂದವನು. ತ್ರಿಭುಜ ಎಬಿಸಿಯನ್ನು ಬೇರೊಂದಕ್ಕೆ ಹೋಲಿಸುವುದೇಕೆ, ಅದಕ್ಕೇ ಹೋಲಿಸಿ. ಎರಡನೆಯ ಸಲ ಓದುವಾಗ ಎಸಿಬಿ ಎಂದು ಓದಿ. ಎಬಿ ಬಾಹು ಎಸಿಗೆ ಸಮ, ಎಸಿ ಎಬಿಗೆ ಸಮ, ನಡುವಿನ ಕೋನ ಒಂದೇ. ಬಾಕೋಬಾ ಪ್ರಕಾರ ಬಿ ಕೋನ ಸಿ ಕೋನಕ್ಕೆ ಸಮ. ಮುಗಿಯಿತು! ಇಡೀ ಅಧ್ಯಾಯದಲ್ಲಿ ನನಗೆ ಇದಕ್ಕಿಂತ ಚೆಂದದ ಸಾಧನೆ ಕಂಡಿಲ್ಲ. ಶೃಂಗಗಳ ಹೆಸರನ್ನು ಅನುರೂಪವಾದ ಕ್ರಮದಲ್ಲಿಯೇ ಬರೆಯಿರಿ ಎಂದು ಅಧ್ಯಾಪಕರು ಯಾಕೆ ಹಟ ಹಿಡಿಯುತ್ತಾರೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ: ಸಾಧನೆಯೆಲ್ಲ ನಿಂತಿರುವುದು ಆ ಕ್ರಮದ ಮೇಲೆ.

ಬಾಕೋಬಾಕ್ಕೇ ಸಾಧನೆ ಎಲ್ಲಿ ಎಂದು ಚುರುಕಿನ ಮಕ್ಕಳು ಕೇಳುವುದುಂಟು. ಯೂಕ್ಲಿಡ್ ಒಂದು ತ್ರಿಭುಜವನ್ನು ಎತ್ತಿ ಮತ್ತೊಂದರ ಮೇಲಿಟ್ಟ. ಎತ್ತಿದಾಗ ಆಕಾರ ಬದಲಾಗದು ಎಂದು ಯಾರು ಹೇಳಿದರು ಎಂಬ ತಕರಾರು ಉಳಿದೇ ಇತ್ತು. 1899ರಲ್ಲಿ ಜರ್ಮನ್ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಬಾಕೋಬಾದ ತಿರುಳನ್ನು ಸ್ವಯಂಸಿದ್ಧಗಳ, ಅಂದರೆ ಸಾಧನೆಯಿಲ್ಲದೆ ಒಪ್ಪಿಕೊಳ್ಳುವ ಮಾತುಗಳ, ಸಾಲಿಗೆ ಸೇರಿಸಿದ. ಶಾಲೆಯ ಪುಸ್ತಕಗಳೂ ಬಾಕೋಬಾವನ್ನು ಸ್ವಯಂಸಿದ್ಧವೆಂದೇ ಕೊಡುವುದುಂಟು.

ಕೊನೆಗೊಂದು ಲೆಕ್ಕ ಕೊಟ್ಟು ಹೊರಡುತ್ತೇನೆ. ಸಮದ್ವಿಬಾಹು ತ್ರಿಭುಜದಲ್ಲಿ ಪಾದಕೋನಗಳ ಅರ್ಧಕಗಳು ಸಮ. ಇದನ್ನು ಮಕ್ಕಳು ಸುಲಭವಾಗಿ ಮಾಡುತ್ತಾರೆ. ಈಗ ತಿರುಗಿಸಿ. ತ್ರಿಭುಜ ಎಬಿಸಿಯಲ್ಲಿ ಬಿ ಮತ್ತು ಸಿ ಕೋನಗಳ ಅರ್ಧಕಗಳು, ಶೃಂಗದಿಂದ ಎದುರಿನ ಬಾಹುವಿನವರೆಗೆ, ಸಮ ಉದ್ದದವು. ಹಾಗಾದರೆ ಎಬಿ, ಎಸಿ ಸಮವೆಂದು ಸಾಧಿಸಿ. ಬಿಸಿ ಎರಡಕ್ಕೂ ಸಾಮಾನ್ಯ ಬಾಹು, ಅರ್ಧಕಗಳು ಸಮ, ನಡುವಿನ ಕೋನ ಎಂದು ಬರೆಯಹೊರಟರೆ ಪೆನ್ಸಿಲ್ ನಿಂತುಹೋಗುತ್ತದೆ, ಏಕೆಂದರೆ ಆ ಕೋನಗಳು ಸಮವೆಂಬುದೇ ಸಾಧನೀಯ. 1840ರಲ್ಲಿ ಲೆಹ್ಮಸ್ ಎಂಬುವನು ಇದಕ್ಕೆ ಶುದ್ಧ ರೇಖಾಗಣಿತದ ಸಾಧನೆ ಬೇಕೆಂದು ಗಣಿತಜ್ಞ ಸ್ಟುರ್ಮ್‌ಗೆ ಪತ್ರ ಬರೆದ. ಸಾಧನೆ ಕೊಟ್ಟವರಲ್ಲಿ ಯಾಕೋಬ್ ಸ್ಟೈನರ್ ಒಬ್ಬ. ಒಂದು ಸುಳಿವು: ನೇರವಾಗಿ ಹೋಗಬೇಡಿ. ಬಿ ಕೋನವು ಸಿ ಕೋನಕ್ಕಿಂತ ದೊಡ್ಡದು ಎಂದು ಭಾವಿಸಿಕೊಂಡು, ಹಾಗಿದ್ದರೆ ಅರ್ಧಕಗಳು ಸಮವಾಗಲಾರವು ಎಂದು ತೋರಿಸಿ. ನಮಸ್ಕಾರ.