ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನಿಗೊಂದು ಕುರ್ಚಿ

ಎಲ್ಲರಿಗೂ ನಮಸ್ಕಾರ.

ನನ್ನ ಪರಿಚಯ ಮಾಡಿಕೊಟ್ಟವರು ಸ್ವಲ್ಪ ಜಾಸ್ತಿಯೇ ಹೊಗಳಿದರು. ಅದರಲ್ಲಿ ಅರ್ಧ ನಿಜವಾಗಿದ್ದರೂ ನಾನು ಇಷ್ಟು ಸಣ್ಣ ಹುದ್ದೆಯಲ್ಲಿ ನಿವೃತ್ತನಾಗುತ್ತಿರಲಿಲ್ಲ. ಇರಲಿ.

ಈ ಹಾಳೆಯಲ್ಲಿ ಐದು ಅಂಶ ಬರೆದುಕೊಂಡು ಬಂದಿದ್ದೇನೆ. ಕೇಳಿಸಿಕೊಳ್ಳುವುದು, ತಪ್ಪು ಹೊರುವುದು, ತೀರ್ಮಾನ ಮಾಡುವುದು, ಕೆಲಸ ಹಂಚುವುದು, ಮುಂದಿನವರನ್ನು ಬೆಳೆಸುವುದು. ನನಗೆ ಕೊಟ್ಟಿರುವುದು ಇಪ್ಪತ್ತೈದು ನಿಮಿಷ. ಒಂದಕ್ಕೆ ಐದು ನಿಮಿಷ. ಲೆಕ್ಕವೇನೋ ಚೆನ್ನಾಗಿದೆ. ಆದರೆ ನನ್ನ ಮಾತು ಹಿಂದೆ ಕೇಳಿದವರಿಗೆ ಗೊತ್ತು, ನಾನು ಮೊದಲನೆಯದರಲ್ಲೇ ಸಿಕ್ಕಿಹಾಕಿಕೊಳ್ಳುವ ಆಸಾಮಿ.

ನೀವೆಲ್ಲ ಈಚೆಗೆ ಒಂದೊಂದು ತಂಡದ ಹೊಣೆ ಹೊತ್ತವರು. ನಾಯಕನ ಗುಣಗಳ ಪಟ್ಟಿ ನಿಮಗೆ ಈಗಾಗಲೇ ಹತ್ತು ಕಡೆ ಸಿಕ್ಕಿರುತ್ತದೆ. ದೂರದೃಷ್ಟಿ, ಧೈರ್ಯ, ತಾಳ್ಮೆ, ಪ್ರಾಮಾಣಿಕತೆ, ಮಾತುಗಾರಿಕೆ. ಒಂದನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಅಷ್ಟೂ ಗುಣ ಒಟ್ಟಿಗೆ ಇರುವವರನ್ನು ನಾನು ಕಂಡಿದ್ದು ಬೀಳ್ಕೊಡುಗೆ ಸಮಾರಂಭಗಳಲ್ಲಿ ಮಾತ್ರ.

ನನ್ನದು ಒಂದೇ ಪ್ರಶ್ನೆ. ನಿಮ್ಮ ತಂಡದಲ್ಲಿ ಏನೋ ಕೆಟ್ಟಿದೆ. ಅದು ಕೆಳಗಿನವರಿಗೆ ಗೊತ್ತಾದ ಎಷ್ಟು ದಿನಕ್ಕೆ ನಿಮಗೆ ಗೊತ್ತಾಗುತ್ತದೆ? ಆವತ್ತೇ ಗೊತ್ತಾದರೆ ನೀವು ಒಳ್ಳೆಯ ನಾಯಕರು. ಎಲ್ಲರಿಗಿಂತ ಕೊನೆಗೆ ಗೊತ್ತಾದರೆ, ನಿಮ್ಮ ದೂರದೃಷ್ಟಿಯನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಹತ್ತಿರದ್ದೇ ಕಾಣುತ್ತಿಲ್ಲವಲ್ಲ.

ನಮ್ಮಲ್ಲಿ ಒಂದು ಗಾದೆ ಇದೆ. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನ ಮಾತು ಕೇಳುವವರ್ಯಾರು? ನಾನು ಒಂದು ಕಾಲಕ್ಕೆ ಅಂಥ ಚಾವಡಿಯ ಯಜಮಾನನಾಗಿದ್ದೆ. ಮೊದಲ ಸಲ ತಂಡ ಸಿಕ್ಕಿತ್ತು. ನನ್ನ ಸಭೆಗಳು ಹದಿನೈದು ನಿಮಿಷಕ್ಕೆ ಮುಗಿಯುತ್ತಿದ್ದವು. ಯಾರೂ ಎದುರು ಮಾತಾಡುತ್ತಿರಲಿಲ್ಲ. ಎಂಥ ಒಗ್ಗಟ್ಟು ಅಂತ ನಾನೇ ಬೀಗುತ್ತಿದ್ದೆ. ಆಮೇಲೆ ಒಂದು ದಿನ ನಾವು ಮಾಡಿಕೊಟ್ಟ ಯಂತ್ರದ ಭಾಗವೊಂದು ಜೋಡಣೆಗೆ ಕೂರಲೇ ಇಲ್ಲ. ನಕ್ಷೆಯಲ್ಲಿ ಒಂದು ಅಳತೆ ತಪ್ಪಾಗಿತ್ತು. ಮೂರು ತಿಂಗಳ ಕೆಲಸ ನೀರುಪಾಲು. ವಿಚಾರಿಸಿದರೆ, ತಂಡದ ಅತಿ ಕಿರಿಯ ಹುಡುಗನಿಗೆ ಅದು ಮೂರು ವಾರ ಮೊದಲೇ ಗೊತ್ತಿತ್ತು.

"ಯಾಕಪ್ಪಾ ಹೇಳಲಿಲ್ಲ?" ಅಂದೆ.

"ಹೋದ ಸಲ ಹೇಳಿದವರಿಗೆ ಏನಾಯ್ತು ಅಂತ ನೋಡಿದ್ದೆ ಸರ್," ಅಂದ.

ನನಗೆ ಸಿಟ್ಟು ಬಂತು. ಏನಾಗಿತ್ತು ಹೋದ ಸಲ? ನಾನು ಯಾರನ್ನೂ ಬೈದಿರಲಿಲ್ಲ. ರಾತ್ರಿಯೆಲ್ಲ ಕೂತು ಯೋಚಿಸಿದ ಮೇಲೆ ನೆನಪಾಯಿತು. ಆಗ ಹೇಳಲು ಬಂದವರಿಗೆ ನಾನು ಒಂದೇ ಮಾತು ಹೇಳಿದ್ದೆ. "ಸಮಸ್ಯೆ ತರಬೇಡಿ, ಪರಿಹಾರ ತನ್ನಿ." ಎಷ್ಟು ಚೆಂದದ ಮಾತು, ಅಲ್ವಾ? ಗೋಡೆಗೆ ಅಂಟಿಸಬಹುದು. ನಾನು ಅಂಟಿಸಿಯೂ ಇದ್ದೆ. ಅದನ್ನು ಓದಿದ ಹುಡುಗನಿಗೆ ಅರ್ಥವಾದದ್ದು ಇಷ್ಟೇ: ಪರಿಹಾರ ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರು. ದೊಡ್ಡ ತೊಂದರೆಯನ್ನು ಮೊದಲು ನೋಡುವವನು ಚಿಕ್ಕವನು. ಅವನ ಹತ್ತಿರ ಪರಿಹಾರ ಎಲ್ಲಿಂದ ಬರಬೇಕು? ಅದಕ್ಕೇ ತಾನೇ ನಮಗೆ ಸಂಬಳ ಜಾಸ್ತಿ ಕೊಡುವುದು!

ಟೊಯೋಟಾ ಕಾರ್ಖಾನೆಯ ಹಗ್ಗದ ವಿಷಯ ನೀವು ಕೇಳಿರುತ್ತೀರಿ. ಕಾರು ಜೋಡಿಸುವ ಸಾಲಿನಲ್ಲಿ ಯಾವ ಕೆಲಸಗಾರ ಬೇಕಾದರೂ ಅದನ್ನು ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಆ ಹಂತ ದಾಟುವುದರೊಳಗೆ ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ಹಗ್ಗ ಎಳೆದವನಿಗೆ ಪರಿಹಾರ ಗೊತ್ತಿರಬೇಕು ಅಂತ ಯಾರೂ ಕೇಳುವುದಿಲ್ಲ. ಏನೋ ಸರಿಯಿಲ್ಲ ಅನ್ನಿಸಿದರೆ ಸಾಕು.

ಹಿಂದಿನ ಸಾಲಿನಲ್ಲಿ ಒಬ್ಬರು ತಲೆ ಅಡ್ಡಡ್ಡ ಆಡಿಸುತ್ತಿದ್ದಾರೆ. ನೋಡಿದೆ ಸ್ವಾಮಿ. ನಿಮ್ಮ ಹತ್ತಿರ ಆಮೇಲೆ ಬರುತ್ತೇನೆ.

ಈಗ ನನ್ನ ಅಚ್ಚುಮೆಚ್ಚಿನ ಕಥೆ. ಕಥೆ ಅಲ್ಲ, ನಡೆದದ್ದು. 1977ರ ಮಾರ್ಚ್ 27, ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಜಂಬೋ ಜೆಟ್‌ಗಳು. ಒಂದು ನೆದರ್ಲೆಂಡ್ಸ್‌ನ ಕೆಎಲ್‌ಎಂ ಕಂಪನಿಯದು. ಅದರ ಕ್ಯಾಪ್ಟನ್ ಸಾಮಾನ್ಯರಲ್ಲ, ಕಂಪನಿಯ ಪೈಲಟ್‌ಗಳಿಗೆ ತರಬೇತಿ ಕೊಡುವವರು. ಪಕ್ಕದಲ್ಲಿದ್ದ ಸಹಪೈಲಟ್‌ನ ಅರ್ಹತಾ ಪರೀಕ್ಷೆ ಮಾಡಿದವರೂ ಅವರೇ. ಹೊರಡಲು ಅನುಮತಿ ಸಿಗುವ ಮೊದಲೇ ಅವರು ವಿಮಾನ ಓಡಿಸಿದರು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಇನ್ನೊಂದು ವಿಮಾನ ರನ್‌ವೇಯಿಂದ ಆಚೆ ಹೋಗಿಲ್ಲವಲ್ಲವೇ ಅಂತ ಕೇಳಿದರು. ಹೋಗಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಎಂಜಿನಿಯರ್ ಸುಮ್ಮನಾದರು. ಸ್ವಲ್ಪ ಹೊತ್ತಿನಲ್ಲೇ ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು.

ಗಮನಿಸಿ, ಅಲ್ಲಪ್ಪ ಆ ಕಾಕ್‌ಪಿಟ್‌ನಲ್ಲೇ ಇದ್ದ. ಬಾಯಿ ಕೂಡ ತೆರೆದ. ಆದರೆ ಪ್ರಶ್ನೆಯ ರೂಪದಲ್ಲಿ, ಮೆತ್ತಗೆ. ದೊಡ್ಡವರ ಮುಂದೆ ನಾವೆಲ್ಲ ಹಾಗೇ ಅಲ್ವಾ? "ಇದು ತಪ್ಪು" ಅನ್ನುವುದಿಲ್ಲ. "ಇದು ಸರಿ ಇರಬಹುದಾ ಸರ್?" ಅನ್ನುತ್ತೇವೆ. ಆ ಮೆತ್ತಗಿನ ದನಿಯನ್ನು ಹಿಡಿಯುವ ಕಿವಿ ಇರಬೇಕು. ಕೌಶಲ ಅಂತ ಪದ ಬಳಸುತ್ತೀರಲ್ಲ, ನನ್ನ ಪ್ರಕಾರ ಮೊದಲ ಕೌಶಲ ಅದೇ.

ಇಂಥ ಅಪಘಾತಗಳ ನಂತರ ವಿಮಾನಯಾನದವರು ಪಾಠ ಕಲಿತರು. 1979ರಲ್ಲಿ ನಾಸಾ ಈ ಬಗ್ಗೆ ಒಂದು ಕಾರ್ಯಾಗಾರ ನಡೆಸಿತು. ಕಿರಿಯರು ಗಟ್ಟಿಯಾಗಿ ಹೇಳುವುದು, ಹಿರಿಯರು ಕೇಳಿಸಿಕೊಳ್ಳುವುದು, ಎರಡನ್ನೂ ತರಬೇತಿಯಾಗಿ ಕಲಿಸಲು ಶುರು ಮಾಡಿದರು. ಕಾಕ್‌ಪಿಟ್‌ನಲ್ಲಿ ಸ್ವಭಾವ ಅಂದುಕೊಂಡಿದ್ದು ಪಾಠವಾಯಿತು. ಇದನ್ನು ಮೊದಮೊದಲು ಕೈಗೆತ್ತಿಕೊಂಡ ಕಂಪನಿಗಳಲ್ಲಿ ಯುನೈಟೆಡ್ ಏರ್‌ಲೈನ್ಸ್ ಒಂದು.

ಅದೇ ಯುನೈಟೆಡ್‌ನ ವಿಮಾನ, 1989ರ ಜುಲೈ 19. ಡೆನ್ವರ್‌ನಿಂದ ಶಿಕಾಗೋ ಕಡೆಗೆ. ಒಳಗೆ 296 ಜನ. 37,000 ಅಡಿ ಎತ್ತರದಲ್ಲಿ ಬಾಲದ ಎಂಜಿನ್ ಒಡೆಯಿತು. ಅದರ ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕತ್ತರಿಸಿಬಿಟ್ಟವು. ಅಂದರೆ ತಿರುಗಿಸಲು ಆಗುವುದಿಲ್ಲ, ಏರಿಸಲು ಆಗುವುದಿಲ್ಲ, ಇಳಿಸಲು ಆಗುವುದಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್. ಸುಮಾರು 30,000 ಗಂಟೆ ಹಾರಿಸಿದವರು. ಅಷ್ಟು ಅನುಭವದಲ್ಲಿ ಇಂಥದ್ದಕ್ಕೆ ಒಂದು ನಿಮಿಷದ ಅಭ್ಯಾಸವೂ ಇರಲಿಲ್ಲ.

ಪ್ರಯಾಣಿಕರ ನಡುವೆ ಡೆನಿಸ್ ಫಿಚ್ ಅನ್ನುವವರು ಕೂತಿದ್ದರು. ಅದೇ ಮಾದರಿಯ ವಿಮಾನದ ತರಬೇತುದಾರ, ಆವತ್ತು ಸುಮ್ಮನೆ ಮನೆಗೆ ಹೋಗುತ್ತಿದ್ದರು. ಸಹಾಯ ಬೇಕಾ ಅಂತ ಗಗನಸಖಿಯ ಕೈಲಿ ಹೇಳಿ ಕಳಿಸಿದರು. ಹೇನ್ಸ್ ತಕ್ಷಣ ಒಳಗೆ ಕರೆಸಿಕೊಂಡರು. ಕೈಗೆ ಏನು ಕೊಟ್ಟರು ಗೊತ್ತಾ? ಥ್ರಾಟಲ್, ಅಂದರೆ ಎಂಜಿನ್‌ನ ಬಲ ಹೆಚ್ಚು ಕಡಿಮೆ ಮಾಡುವ ಹಿಡಿಗಳು. ಉಳಿದ ಎರಡು ಎಂಜಿನ್‌ಗಳಲ್ಲಿ ಒಂದರ ಬಲ ಹೆಚ್ಚಿಸಿ, ಇನ್ನೊಂದರದು ತಗ್ಗಿಸಿ, ಹಾಗೆಯೇ ವಿಮಾನವನ್ನು ಅಷ್ಟಿಷ್ಟು ತಿರುಗಿಸುತ್ತಾ ಸೂ ಸಿಟಿ ತನಕ ತಂದರು. ಯಾವ ರನ್‌ವೇನಲ್ಲಾದರೂ ಇಳಿಯಬಹುದು ಅಂತ ಕೆಳಗಿನಿಂದ ಹೇಳಿದಾಗ ಹೇನ್ಸ್ ನಕ್ಕರು. ರನ್‌ವೇನೇ ಆಗಬೇಕು ಅಂತೀರಾ, ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಎಂಜಿನ್ ಒಡೆದ 44 ನಿಮಿಷಕ್ಕೆ ವಿಮಾನ ನೆಲಕ್ಕೆ ಅಪ್ಪಳಿಸಿತು. 112 ಜನ ತೀರಿಕೊಂಡರು. 184 ಜನ ಬದುಕಿದರು. ಆಮೇಲೆ ಸಿಮ್ಯುಲೇಟರ್‌ನಲ್ಲಿ ಪ್ರಯತ್ನಿಸಿದ ಪೈಲಟ್‌ಗಳಿಗೆ ಸುರಕ್ಷಿತವಾಗಿ ಇಳಿಸಲು ಸಾಧ್ಯವಾಗಲಿಲ್ಲ.

ಹೇನ್ಸ್ ಮುಂದೆ ಎಷ್ಟೋ ಭಾಷಣಗಳಲ್ಲಿ ಹೇಳಿದ್ದು ಒಂದೇ. ಕಾಕ್‌ಪಿಟ್‌ನಲ್ಲಿ ನಾವು ನಾಲ್ವರು, ಒಟ್ಟು 103 ವರ್ಷಗಳ ಹಾರಾಟದ ಅನುಭವ. ಇಂಥ ಸ್ಥಿತಿಯಲ್ಲಿ ಇಳಿಸುವುದು ಉಳಿದ ಮೂವರಿಗಿಂತ ನನಗೇ ಹೆಚ್ಚು ಗೊತ್ತು ಅಂತ ಯಾಕೆ ಅಂದುಕೊಳ್ಳಲಿ? ಟೆನೆರಿಫ್‌ನ ಕ್ಯಾಪ್ಟನ್ ಇವರಿಗಿಂತ ಕಡಿಮೆ ಬುದ್ಧಿವಂತರಲ್ಲ. ಕೆಟ್ಟವರಂತೂ ಅಲ್ಲವೇ ಅಲ್ಲ. ಅವರ ಕಾಲದಲ್ಲಿ ಈ ಪಾಠ ಇರಲಿಲ್ಲ.

ಎಷ್ಟಾಯ್ತು? ಹದಿನೆಂಟು ನಿಮಿಷವಾ! ಬರ್ತಾ ಬರ್ತಾ ರಾಯರ ಕುದುರೆ ಕತ್ತೆಯಾಯ್ತು ಅನ್ನುವ ಹಾಗೆ ಉಳಿದ ನಾಲ್ಕು ಅಂಶಗಳು ಸೊರಗುತ್ತವೆ. ಕ್ಷಮಿಸಿ.

ಎರಡನೆಯದು, ತಪ್ಪು ಹೊರುವುದು. ಧವನ್ ಮತ್ತು ಕಲಾಂ ಅವರ ಪ್ರಸಂಗ ನಿಮಗೆ ವಾಟ್ಸಾಪ್‌ನಲ್ಲಿ ನೂರು ಸಲ ಬಂದಿರುತ್ತದೆ. 1979ರಲ್ಲಿ ಕಲಾಂ ಮುನ್ನಡೆಸಿದ ರಾಕೆಟ್ ಬಿದ್ದಾಗ ಪತ್ರಕರ್ತರ ಮುಂದೆ ಇಸ್ರೋ ಅಧ್ಯಕ್ಷ ಸತೀಶ್ ಧವನ್ ತಾವೇ ಹೋದರು, 1980ರಲ್ಲಿ ಗೆದ್ದಾಗ ಕಲಾಂ ಅವರನ್ನು ಕಳಿಸಿದರು. ಅದನ್ನು ಹಿಗ್ಗಿಸುವುದಿಲ್ಲ. ಅದರ ಬದಲು ಒಂದು ಚೀಟಿಯ ವಿಷಯ ಹೇಳುತ್ತೇನೆ. ಎರಡನೇ ಮಹಾಯುದ್ಧ, 1944ರ ಜೂನ್. ಫ್ರಾನ್ಸ್‌ನ ನಾರ್ಮಂಡಿ ತೀರಕ್ಕೆ ಸೈನ್ಯ ಇಳಿಯುವ ಹಿಂದಿನ ದಿನ ಮಿತ್ರಪಡೆಗಳ ಸೇನಾಧಿಪತಿ ಐಸೆನ್‌ಹೋವರ್ ಒಂದು ಚೀಟಿ ಬರೆದಿಟ್ಟುಕೊಂಡರು, ಸೋತರೆ ಪ್ರಕಟಿಸಲು. ಎಷ್ಟು ಒತ್ತಡದಲ್ಲಿದ್ದರೆಂದರೆ ತಾರೀಕನ್ನು ಜುಲೈ 5 ಅಂತ ತಪ್ಪಾಗಿ ಹಾಕಿದ್ದಾರೆ. ನನಗೆ ಇಷ್ಟವಾಗುವುದು ಅದರಲ್ಲಿನ ಒಂದು ಕಾಟು. ಮೊದಲು "ಸೈನ್ಯವನ್ನು ಹಿಂದಕ್ಕೆ ಕರೆಸಿಕೊಳ್ಳಲಾಗಿದೆ" ಅನ್ನುವ ಧಾಟಿಯಲ್ಲಿ ಬರೆದಿದ್ದರು. ಅದನ್ನು ಹೊಡೆದುಹಾಕಿ "ನಾನು ಹಿಂದಕ್ಕೆ ಕರೆಸಿಕೊಂಡಿದ್ದೇನೆ" ಅಂತ ತಿದ್ದಿದರು. ಕೊನೆಗೆ, ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದು ಅಂತ ಮುಗಿಸಿದರು.

ಈ "ಲಾಗಿದೆ" ಅನ್ನುವುದು ನಮ್ಮ ಕಚೇರಿ ಕನ್ನಡದ ದೊಡ್ಡ ಅಡಗುತಾಣ. ಸೂಚಿಸಲಾಗಿದೆ, ಪರಿಶೀಲಿಸಲಾಗಿದೆ, ಕ್ರಮ ಕೈಗೊಳ್ಳಲಾಗಿದೆ. ಯಾರಿಂದ? ದೇವರಿಗೇ ಗೊತ್ತು. ಸೋಮವಾರ ನೀವು ಬರೆಯುವ ಮೊದಲ ಪತ್ರದಲ್ಲಿ ಒಂದು "ಲಾಗಿದೆ" ತೆಗೆದು "ನಾನು" ಅಂತ ಹಾಕಿ ನೋಡಿ. ಕೈ ನಡುಗುತ್ತದೆ. ನೀವು ತಪ್ಪು ಒಪ್ಪಿಕೊಂಡದ್ದನ್ನು ನೋಡಿದ ಮೇಲೆಯೇ ಆ ಕಿರಿಯ ಹುಡುಗ ತನ್ನ ತಪ್ಪನ್ನು ತಂದು ಹೇಳುವುದು. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಮೂರನೆಯದು, ತೀರ್ಮಾನ. ಎಲ್ಲರ ಮಾತು ಕೇಳುತ್ತಾ ಕೂತರೆ ಕೆಲಸ ಯಾವಾಗ ಆಗುತ್ತದೆ ಅಂತ ಕೇಳುತ್ತೀರಿ. ಹೇನ್ಸ್‌ಗೆ ಸಿಕ್ಕಿದ್ದು 44 ನಿಮಿಷ. ಅವರು ಮತಕ್ಕೆ ಹಾಕಲಿಲ್ಲ. ಎಲ್ಲರನ್ನೂ ಕೇಳಿದರು, ಕ್ಯಾಪ್ಟನ್ ಆಗಿಯೇ ಉಳಿದರು. ಇಲ್ಲಿ ಒಂದು ಸಣ್ಣ ಉಪಾಯ ಉಪಯೋಗಕ್ಕೆ ಬರುತ್ತದೆ. ನಮ್ಮ ಸೇನೆಯ ಕೋರ್ಟ್ ಮಾರ್ಷಲ್‌ನಲ್ಲಿ ಸದಸ್ಯರು ಅಭಿಪ್ರಾಯ ಹೇಳುವುದು ಅತಿ ಕಿರಿಯರಿಂದ ಶುರುವಾಗುತ್ತದೆ. ದೊಡ್ಡವರು ಮೊದಲು ಮಾತಾಡಿದರೆ ಉಳಿದವರು ಹೂಂಗುಟ್ಟುತ್ತಾರೆ ಅಂತ ನಿಯಮ ಮಾಡಿದವರಿಗೆ ಗೊತ್ತಿತ್ತು. ನಿಮ್ಮ ಸಭೆಯಲ್ಲೂ ನೀವು ಕೊನೆಗೆ ಮಾತಾಡಿ. ನನಗೆ ಇದು ರೂಢಿಯಾಗಲು ಎರಡು ವರ್ಷ ಬೇಕಾಯಿತು. ಬಾಯಿ ತಡೆದುಕೊಳ್ಳುವುದು ಅಷ್ಟು ಕಷ್ಟ.

ಕೆಲಸ ಹಂಚುವುದು... ಚೀಟಿ ಬಂತು. ಎರಡು ನಿಮಿಷವಂತೆ. ಹಂಚಿದ ಮೇಲೆ ಹಿಂದೆ ನಿಂತು ಇಣುಕಬೇಡಿ, ಅಷ್ಟೇ. ಐದನೆಯದನ್ನು ಇನ್ನೊಂದು ಸಲ ಕರೆದರೆ ಹೇಳುತ್ತೇನೆ, ಕರೆಯುವುದು ಅನುಮಾನ.

ಉಳಿದದ್ದು ಪ್ರಶ್ನೆಗಳಿಗೆ. ಹಿಂದಿನ ಸಾಲಿನವರು ಆಗಿನಿಂದಲೂ ತಲೆ ಆಡಿಸುತ್ತಲೇ ಇದ್ದಾರೆ. ಹೊಗಳುವವರು ದಯವಿಟ್ಟು ಕಾಯಿರಿ. ಮೈಕ್ ಮೊದಲು ಅವರ ಕೈಗೆ ಕೊಡಿ.