ಮಹಾಲಕ್ಷ್ಮಿ ಲೇಔಟಲ್ಲಿ ಹಿಮದ ಡ್ರೈವಿಂಗು

ನೀವೀಗ ನೋಡ್ತಿರೋದು ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನ ಒಂದು ಖಾಲಿ ಸೈಟು. ಆ ಗುಂಡಿಯೊಳಗೆ ಮಲಗಿರೋದು ನಾಲ್ಕು ಐಸ್ ಗಡ್ಡೆ. ಗುಂಡಿ ತೋಡಿದ್ದು ನಾನು. ಪಕ್ಕದಲ್ಲಿ ಪಂಚೆ ಎತ್ತಿ ಕಟ್ಕೊಂಡು ನಿಂತಿರೋದು ನಮ್ಮ ಸೋದರಮಾವ. ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡಿ ರಿಟೈರ್ ಆದೋರು. ಈಗ ಮನೆ ಹಿಂದಿನ ಶೆಡ್ಡಲ್ಲಿ ಕೂತು ಅತ್ತೆ ಬೇಡ ಅಂದಿದ್ದನ್ನೆಲ್ಲ ತಯಾರು ಮಾಡ್ತಾರೆ.

ವಿಷಯ ಇಷ್ಟೇ. ಜನವರೀಲಿ ಮಾವನ ಹಳೇ ಮಾರುತಿ 800 ತಗೊಂಡು ಮನಾಲಿಗೆ ಹೋಗ್ಬೇಕು, 9.02 ಕಿಲೋಮೀಟರಿನ ಅಟಲ್ ಸುರಂಗ ದಾಟಿ ಆಚೆಗಿರೋ ಸಿಸ್ಸು ಅನ್ನೋ ಹಳ್ಳಿ ನೋಡ್ಬೇಕು. ಹಿಮ ಬಿದ್ದ ದಿನ ಆ ಕಡೆ ಪೊಲೀಸರು ನಾಲ್ಕೂ ಚಕ್ರನ ಎಂಜಿನ್ ಎಳೆಯೋ ಫೋರ್ ಬೈ ಫೋರ್ ಗಾಡೀನೋ, ಜಾರದ ಹಾಗೆ ಚಕ್ರಕ್ಕೆ ಚೈನ್ ಹಾಕಿರೋ ಗಾಡೀನೋ ನೋಡಿ ಬಿಡ್ತಾರೆ. ನಮ್ಮೂರಿನ ದಾಖಲೆ ಚಳಿನೇ 7.8 ಡಿಗ್ರಿ, ಅದೂ 1884ರ ಜನವರೀಲಿ. ನಮಗೆ ಹಿಮ ಅಂದ್ರೆ ಫ್ರೀಜರ್ ಒಳಗೆ ಅತ್ತೆ ಚಾಕು ಹಾಕಿ ಕೆರೆಯೋದು. ಚೈನ್ ಕೊಂಡ್ಕೊಂಡ್ಬಿಡೋಣ ಅಂದೆ. "ದುಡ್ಡು ಕೊಟ್ಟು ತರೋ ಹಾಗಿದ್ರೆ ನಾನ್ಯಾಕೋ ಇರೋದು?" ಅಂದ್ರು ಮಾವ. ಹಾಗಾಗಿ ಚೈನಿನ ಬದಲು ಮಾವ ಹುಡುಕಿದ್ದನ್ನೆಲ್ಲ ಚಕ್ರಕ್ಕೆ ಕಟ್ಟಿ, ಈ ಐಸ್ ಮೇಲೆ ಕಾರು ಹತ್ತಿಸಿ ಪರೀಕ್ಷೆ ಮಾಡೋದು ಅಂತಾಯ್ತು.

ಐಸನ್ನ ನೆಲದಲ್ಲಿ ಯಾಕೆ ಹೂತ್ವಿ ಅಂತ ಕೇಳ್ಬಹುದು. ಮೊದಲು ಗೇಟಿನ ಮುಂದಿನ ಸಿಮೆಂಟ್ ಮೇಲೇ ಇಟ್ಟಿದ್ವಿ. ನೋಡಿ ಇಲ್ಲಿ. ಕಾರು ಅಲ್ಲೇ ನಿಂತಿದೆ, ಗಡ್ಡೆ ಮಾತ್ರ ಹಿಂದಕ್ಕೆ ಸುಂಯ್ ಅಂತ ಹೋಗಿ ಎದುರು ಮನೆ ಕಾಂಪೌಂಡಿಗೆ ಬಡೀತು. ಅಲ್ಲಿ ಯಾರೂ ನಿಂತಿರ್ಲಿಲ್ಲ, ನಮ್ಮ ಪುಣ್ಯ.

ಮೊದಲ್ನೇ ಐಟಂ, ಎಸ್ ಪಿ ರೋಡಿಂದ ತಂದ ಕೇಬಲ್ ಟೈ. ಟೈರಿನ ಸುತ್ತ ಬಿಗಿದು, ರಿಮ್ಮಿನ ತೂತಲ್ಲಿ ತೂರಿಸಿ ಕಟ್ಟೋದು. ಕೇಳೋಕೆ ಸುಲಭ. ಈ ಕಾರಿನ ಸ್ಟೀಲ್ ರಿಮ್ಮಲ್ಲಿ ತೂತು ಚಿಕ್ಕದು, ಅದರ ಹಿಂದೇನೇ ಬ್ರೇಕ್ ಕ್ಯಾಲಿಪರ್. ಒಂದೊಂದು ಟೈ ತೂರಿಸೋಕೂ ಮಾವ ನೆಲದ ಮೇಲೆ ಮಲಗಿ ಏಳ್ಬೇಕು. ಒಂದು ಚಕ್ರಕ್ಕೆ ಹತ್ತು. ಮುಕ್ಕಾಲು ಗಂಟೆ ಆಯ್ತು. ಆಮೇಲೆ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ. ಟಪ್, ಟಪ್, ಟಪ್. ಪಾಪ್‌ಕಾರ್ನ್ ಹುರಿದ ಹಾಗೆ ಎಲ್ಲಾ ಕಿತ್ಕೊಂಡ್ವು. ಇದೊಂದು ನೋಡಿ, ಲಾಕ್ ಇರೋ ಕಡೆ ಬಿಚ್ಚಿಲ್ಲ, ಟೈರಿನ ಅಂಚಲ್ಲಿ ತುಂಡಾಗಿದೆ. ಇದು ಬೆಂಗಳೂರಿನ ಬಿಸಿಲಲ್ಲಿ. ಕೊರೆಯೋ ಚಳೀಲಿ ನೈಲಾನ್ ಇನ್ನೂ ಪೆಡಸು.

ಎರಡ್ನೇದು ತೆಂಗಿನ ನಾರಿನ ಹಗ್ಗ. ಇದನ್ನ ನೋಡಿ ನಾನು ನಕ್ಕೆ, ನಗಬಾರದಿತ್ತು. ಅಮೆರಿಕಾದಲ್ಲಿ ಕೆಸರು, ಹಿಮದಲ್ಲಿ ಸಿಕ್ಕಾಕೊಂಡೋರು ಟೈರಿಗೆ ಹಗ್ಗ ಸುತ್ತಿ ಓಡಿಸ್ತಿದ್ರಂತೆ. ಅದನ್ನ ನೋಡೇ ಹ್ಯಾರಿ ವೀಡ್ ಅನ್ನೋರು ಟೈರಿನ ಚೈನ್ ಮಾಡಿ 1904ರಲ್ಲಿ ಪೇಟೆಂಟ್ ತಗೊಂಡ್ರು. ಹಗ್ಗ ಸ್ವಲ್ಪ ಕೆಲಸನೂ ಮಾಡ್ತು. ಕಾರು ಒಂದು ಮೊಳ ಮುಂದೆ ಬಂತು. ಅಷ್ಟರಲ್ಲಿ ನೆನೆದು ಸಡಿಲ ಆಗಿ, ಒಳಗಡೆ ಜಾರಿ, ಚಕ್ರ ತಿರುಗಿಸೋ ಡ್ರೈವ್ ಶಾಫ್ಟಿಗೆ ಸುತ್ಕೊಳ್ತು. ಅದನ್ನ ಕತ್ತರಿಸಿ ತೆಗೆಯೋಕೆ ಅತ್ತೆ ಈಳಿಗೆಮಣೆ ಕೊಟ್ರು, ಮುಖ ಮಾತ್ರ ತೋರಿಸ್ಲಿಲ್ಲ.

ಹ್ಯಾರಿ ವೀಡ್ ಕಥೆನ ಮಾವನಿಗೆ ಹೇಳಿದ್ದೇ ತಪ್ಪಾಯ್ತು. ಮಾರನೇ ದಿನ ನಡುಮನೆ ಉಯ್ಯಾಲೆ ಕೆಳಗಿಳಿದಿತ್ತು. ಅದರ ಸರಪಳಿ ಕತ್ತರಿಸಿ, ಏಣಿ ಥರ ಅಡ್ಡ ಕೊಂಡಿ ವೆಲ್ಡ್ ಮಾಡಿ, ನಿಜವಾದ ಚೈನಿನ ಹಾಗೇ ಮಾಡಿಟ್ಟಿದ್ರು. ವೆಲ್ಡಿಂಗ್ ಕೆಲಸ ಅಂದ್ರೆ ಕೆಲಸ, ಸುಳ್ಳು ಹೇಳಲ್ಲ. ಎಂಜಿನ್ ಎಳೆಯೋ ಚಕ್ರಕ್ಕೇ ಚೈನ್ ಹಾಕ್ಬೇಕು, 800ರಲ್ಲಿ ಅದು ಮುಂದಿನ ಚಕ್ರ, ಅದೂ ಸರಿಯಾಗೇ ಹಾಕಿದ್ರು. ಕೈ ಕೊಟ್ಟಿದ್ದು ಬಿಗಿ. ಕೊಂಡು ತರೋ ಚೈನ್ ಟೈರಿನ ಅಳತೆಗೇ ಮಾಡಿರ್ತಾರೆ, ಬಿಗಿದು ಹಿಡಿಯೋ ವ್ಯವಸ್ಥೆ ಇರತ್ತೆ. ಹಾಗಿದ್ದೂ ಗಂಟೆಗೆ 50 ಕಿಲೋಮೀಟರ್ ದಾಟಬಾರದು, ಬರೀ ಟಾರು ಬಂದ್ರೆ ಬಿಚ್ಚಿಡ್ಬೇಕು. ನಮ್ಮದು ಐಸಿಗೆ ಹಲ್ಲು ಹಾಕಿ ಹಿಡೀತು, ಗುಂಡಿ ಹತ್ತಿಸ್ತು, ಮಾವ ಚಪ್ಪಾಳೆ ತಟ್ಟಿದ್ರು. ರಸ್ತೆಗೆ ಬಂದಮೇಲೆ ಒಂದು ತುದಿ ಎದ್ದು ಮಡ್‌ಗಾರ್ಡಿಗೆ ಢಣ್ ಢಣ್ ಅಂತ ಬಡಿಯೋಕೆ ಶುರು. ಈ ತಗ್ಗು ನೋಡಿ, ನನ್ನ ಹೆಬ್ಬೆರಳು ಪೂರ್ತಿ ಕೂರತ್ತೆ. ಇದರಿಂದ ನಾಲ್ಕು ಬೆರಳು ಆಚೆ ಬ್ರೇಕ್ ಆಯಿಲ್ ಹೋಗೋ ಹೋಸ್ ಇದೆ. ಅಲ್ಲಿಗೆ ಉಯ್ಯಾಲೆ ವಾಪಸ್ ನಡುಮನೆಗೆ.

ವೈಪರ್ ನೀರಿಗೆ ವಿನೆಗರ್ ಬೆರೆಸಿದ್ರೆ ಹೆಪ್ಪುಗಟ್ಟಲ್ಲ ಅನ್ನೋದು ಮಾವನ ಇನ್ನೊಂದು ನಂಬಿಕೆ. ಒಂದು ಬಾಟಲಿ ಕಾವೇರಿ ನೀರು, ಇನ್ನೊಂದು ಮೂರು ಪಾಲು ನೀರಿಗೆ ಒಂದು ಪಾಲು ವಿನೆಗರ್, ಎರಡೂ ರಾತ್ರಿ ಫ್ರೀಜರಲ್ಲಿ. ಬೆಳಗ್ಗೆ ಎರಡೂ ಕಲ್ಲು. ಅಡುಗೆ ವಿನೆಗರ್ ಅಷ್ಟು ಹಾಕಿದ್ರೆ ಅರ್ಧ ಡಿಗ್ರಿ ಇಳಿಸಿದ್ರೆ ಹೆಚ್ಚು. ನೀರು ಹೆಪ್ಪುಗಟ್ಟಿದ್ರೆ ನೂರಕ್ಕೆ 9 ಪಾಲು ಉಬ್ಬತ್ತೆ, ತುಂಬಿಟ್ಟ ಬಾಟಲಿ ಬುಡ ಸೀಳಿತ್ತು. ವೈಪರ್ ಟ್ಯಾಂಕಿಗೂ ಅದೇ ಗತಿ.

ಒಂದನ್ನ ಮಾತ್ರ ನಾನು ಮುಟ್ಟೋಕೂ ಬಿಡ್ಲಿಲ್ಲ. ಹೂಕುಂಡದ ಹೀಟರ್. ಕಾರಿನೊಳಗೆ ನಾಲ್ಕು ಪುಟ್ಟ ಮೇಣದ ದೀಪ ಹಚ್ಚಿ, ಮೇಲೆ ಮಣ್ಣಿನ ಕುಂಡ ಬೋರಲು ಹಾಕೋದು. ಒಂದು ದೀಪ 30, 40 ವ್ಯಾಟ್ ಶಾಖ ಕೊಟ್ರೆ ದೊಡ್ಡದು. ಕುಂಡ ಅದನ್ನ ಹಿಡ್ಕೊಳ್ಳತ್ತೆ ಅಷ್ಟೇ, ಹೊಸದಾಗಿ ಹುಟ್ಟಿಸಲ್ಲ. ಅಷ್ಟಕ್ಕೋಸ್ಕರ ಮುಚ್ಚಿದ ಗಾಡೀಲಿ ಬೆಂಕಿ, ಹೊಗೆ, ಕಾರ್ಬನ್ ಮಾನಾಕ್ಸೈಡ್. 2022ರ ಜನವರೀಲಿ ಪಾಕಿಸ್ತಾನದ ಮರ್ರೀಲಿ ಹಿಮಪಾತಕ್ಕೆ ಗಾಡಿಗಳು ಸಿಕ್ಕಾಕೊಂಡು 20ಕ್ಕೂ ಹೆಚ್ಚು ಜನ ತೀರ್ಕೊಂಡ್ರು. ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿ ಎಂಜಿನ್ ಓಡ್ತಿದ್ರೂ ಆ ಗ್ಯಾಸೇ ಒಳಗೆ ಬರತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಾವ ಇದನ್ನ ಕೇಳಿ ಏನೂ ಮಾತಾಡ್ಲಿಲ್ಲ. ಕುಂಡ ಎತ್ಕೊಂಡು ಹೋಗಿ ಮಹಡಿ ಮೇಲಿಟ್ಟು ಬಂದ್ರು.

ಮಧ್ಯಾಹ್ನ ಮೂರು ಗಂಟೆ. ಐಸ್ ಮೇಲೆ ನೀರು ನಿಂತಿದೆ. ಕರಗ್ತಿರೋ ಐಸು ಕೊರೆಯೋ ಐಸಿಗಿಂತ ಜಾಸ್ತಿ ಜಾರತ್ತೆ, ಹಾಗಾಗಿ ನಮ್ಮ ಪರೀಕ್ಷೆ ಈ ಒಂದು ವಿಷಯದಲ್ಲಿ ಮನಾಲಿಗಿಂತ ಕಷ್ಟ. ಕಾರು ಗುಂಡೀಲಿ, ಚಕ್ರ ಗಿರಗಿರ ತಿರುಗ್ತಿದೆ. ಕಾಲಡಿ ಮ್ಯಾಟ್ ಕೊಟ್ವಿ, ಅದು ಹಿಂದಕ್ಕೆ ಹಾರಿ ಬೇವಿನ ಮರಕ್ಕೆ ಸಿಕ್ಕಾಕೊಳ್ತು. ಮನೆಗೆ ಹೋಗೋದಾದ್ರೂ ಹೇಗೆ ಅಂತ ನಾನು ಐಸ್ ಬಂದಿದ್ದ ಗೋಣಿಚೀಲ ಎರಡು, ಮರದ ಹೊಟ್ಟಿನ ಸಮೇತ, ಚಕ್ರದ ಮುಂದೆ ತುರುಕಿದೆ. "ಮೆತ್ತಗೆ ಬಿಡೋ ಕ್ಲಚ್ಚು, ಆಕ್ಸಿಲರೇಟರ್ ಮುಟ್ಬೇಡ" ಅಂದ್ರು ಮಾವ. ಒರಟು ಸೆಣಬು, ಒದ್ದೆ ಹೊಟ್ಟು, ಐಸಿಗೆ ಹಾಗೇ ಕಚ್ಕೊಂಡಿತ್ತು. ಕಾರು ಎದ್ದು ಬಂತು, ಸದ್ದೇ ಇಲ್ಲದೆ.

ಮಾವ ಆಗ್ಲೇ ಚೀಲಕ್ಕೆ ಎರಡು ಹಿಡಿ ಹೊಲಿಸೋ ಲೆಕ್ಕಾಚಾರದಲ್ಲಿದ್ರು. ಅಷ್ಟರಲ್ಲಿ ಐಸ್ ಅಂಗಡಿಯೋರ ಫೋನು. ಗಡ್ಡೆಗೆ ಮಾತ್ರ ದುಡ್ಡಂತೆ, ಚೀಲ ವಾಪಸ್ ಕೊಡ್ಬೇಕಂತೆ.