‘ಡಿಡ್’ ಬಂದರೆ ‘ಕೇಮ್’ ಏಕೆ ಬರಬಾರದು?

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ಒಂದು ಮಳೆಗಾಲದಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನೋಟುಪುಸ್ತಕ ಹಿಡಿದು ಮೇಜಿನ ಬಳಿ ಬಂದಳು. ‘ಡಿಡ್ ಹೀ ಕೇಮ್’ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ‘ಕಮ್’ ಎಂದು ತಿದ್ದಿದ್ದೆ. “ಟೀಚರ್, ಅವನು ಬಂದದ್ದು ನಿನ್ನೆ ಅಲ್ಲವೇ? ಮತ್ತೆ ಕಮ್ ಹೇಗೆ ಸರಿ?” ಎಂದು ಕೇಳಿದಳು. ನಿಯಮವೇ ಹಾಗೆ ಎಂದುಬಿಟ್ಟೆ. ಮರುವಾರ ಅದೇ ತಪ್ಪು. ನನ್ನ ಉತ್ತರ ಅವಳಿಗೆ ತಲುಪಿರಲಿಲ್ಲ.

ಕನ್ನಡದಲ್ಲಿ ‘ಬಂದನೇ?’, ತುಳುವಿನಲ್ಲಿ ‘ಬತ್ತೆನಾ?’, ಮಲಯಾಳದಲ್ಲಿ ‘ವನ್ನೋ?’. ನಮ್ಮ ಮಕ್ಕಳಿಗೆ ಗೊತ್ತಿರುವ ಮೂರೂ ಭಾಷೆಗಳಲ್ಲಿ ಪ್ರಶ್ನೆ ಕ್ರಿಯಾಪದದ ಕೊನೆಗೆ ಅಂಟುತ್ತದೆ. ಇಂಗ್ಲಿಷಿನಲ್ಲಿ ಸಹಾಯಕ ಕ್ರಿಯಾಪದ ಕರ್ತೃವಿನ ಮುಂದಕ್ಕೆ ಬರಬೇಕು. ‘ಕ್ಯಾನ್’, ‘ವಿಲ್’ ವಾಕ್ಯದಲ್ಲೇ ಇದ್ದರೆ ಕಷ್ಟವಿಲ್ಲ. ‘ಹೀ ಕೇಮ್’ನಲ್ಲಿ ಅಂಥದ್ದು ಇಲ್ಲವಲ್ಲ, ಹೊರಗಿನಿಂದ ‘ಡು’ವನ್ನು ತರಬೇಕು. ಹಿಂದೆ ಇಂಗ್ಲಿಷರೂ ‘ಕೇಮ್ ಹೀ’ ಎಂದೇ ಕೇಳುತ್ತಿದ್ದರು. ‘ಡು’ವಿನ ಬಳಕೆ 16ನೆಯ ಶತಮಾನದಲ್ಲಿ ವೇಗವಾಗಿ ಹಬ್ಬಿತು.

ಮುಂದಿನ ತರಗತಿಯಲ್ಲಿ ಕರಿಹಲಗೆಯ ಮೇಲೆ ‘ಅವನು ಬಂದನು’ ಎಂದು ಬರೆದು, ಇಲ್ಲ ಎನ್ನುವಂತೆ ಮಾಡಿ ಎಂದೆ. ಎಲ್ಲರೂ ಒಟ್ಟಿಗೆ ‘ಬರಲಿಲ್ಲ’ ಎಂದರು. ‘ಬಂದನಿಲ್ಲ’ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ತರಗತಿ ಸುಮ್ಮನಾಯಿತು. ‘ಇಲ್ಲ’ ಸೇರಿದೊಡನೆ ‘ಬಂದನು’ ತನ್ನ ಕಾಲವನ್ನೂ ‘ನು’ವನ್ನೂ ಕಳಚಿಟ್ಟು ‘ಬರಲ್’ ಆಗುತ್ತದೆ. ಆದರೂ ಅದು ಆಗಿಹೋದ ಸಂಗತಿಯೆಂದು ನಮಗೆ ತಿಳಿಯುತ್ತದೆ. ‘ಡಿಡ್’ ಮಾಡುವುದೂ ಅದನ್ನೇ. ನಿನ್ನೆಯ ಭಾರವನ್ನು ತಾನು ಹೊತ್ತುಕೊಂಡು ‘ಕೇಮ್’ ಅನ್ನು ‘ಕಮ್’ ಮಾಡುತ್ತದೆ. ‘ಡಸ್’ ಬಂದರೆ ‘ಗೋಸ್’ ‘ಗೋ’ ಆಗುವುದೂ ಹೀಗೆಯೇ.

‘ಆರ್’ ಬೇಕೋ ‘ಡು’ ಬೇಕೋ ಎಂಬ ಗೊಂದಲಕ್ಕೂ ಕನ್ನಡದಲ್ಲೇ ದಾರಿಯಿದೆ. ‘ನೀನು ಅಡಿಕೆ ಸುಲಿಯುತ್ತಿದ್ದೀಯಾ?’ ಎಂಬಲ್ಲಿ ‘ಇರು’ ಧಾತು ಅಡಗಿದೆ, ಅಲ್ಲಿ ‘ಆರ್’. ‘ನೀನು ಅಡಿಕೆ ಸುಲಿಯುತ್ತೀಯಾ?’ ಎಂದು ರೂಢಿಯನ್ನು ಕೇಳುವಾಗ ‘ಇರು’ ಇಲ್ಲ, ಅಲ್ಲಿ ‘ಡು’. ಎಲ್ಲ ಕಡೆಗೂ ಇದು ಸಾಲದು. ಆದರೆ ‘ಆರ್ ಯು ಗೋ’ ಎಂದು ಬರೆಯುವ ಮಗುವಿನ ಕೈಯನ್ನು ತಡೆಯಲು ಧಾರಾಳ ಸಾಕು. ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಇಂಗ್ಲಿಷ್ ಬಾರದು ಎಂದು ಮಗುವಿನ ಎದುರಿಗೆ ದಯವಿಟ್ಟು ಹೇಳಬೇಡಿ.

‘ಹೂ ಕೇಮ್?’ ಎಂಬಲ್ಲಿ ಬಂದವನು ಯಾರೆಂದೇ ಕೇಳುವುದರಿಂದ ‘ಡಿಡ್’ ಬೇಡ. ಉಳಿದದ್ದು ಗಟ್ಟಿಯಾದ ಮೇಲೆ ಅದನ್ನು ಹೇಳಿಕೊಡಿ. ನಮಸ್ಕಾರ.